ಕುಮಟೆಯಲ್ಲಿ ಮೈಕು, ದಿಲ್ಲಿಯಲ್ಲಿ ಮೌನ

ಕೂಲಿ ಕೊಡುವಾಗ ಒಡೆಯ ಲೆಕ್ಕ ಕೇಳುತ್ತಾನೆ. ಎಷ್ಟು ಹೊರೆ ಹೊತ್ತೆ? ಎಷ್ಟು ಗದ್ದೆ ಕೊಯ್ದೆ? ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೋದೆ? ಒಂದು ಗಳಿಗೆ ಬೀಡಿ ಸೇದಿದರೆ ಅದನ್ನೂ ಕಳೆದು ಕೊಡುತ್ತಾನೆ. ಇಂಥ ಲೆಕ್ಕವನ್ನು ತಲೆಮಾರುಗಳಿಂದ ಒಪ್ಪಿಸಿಕೊಂಡು ಬಂದ ಜನ ನಾವು. ನಮ್ಮ ವೋಟು ತಗೊಂಡು ದಿಲ್ಲಿಗೆ ಹೋದವರ ಹತ್ತಿರ ಅದೇ ಲೆಕ್ಕ ಯಾಕೆ ಕೇಳಬಾರದು? ಈ ಸಂಚಿಕೆಯಲ್ಲಿ ಒಬ್ಬರ ಲೆಕ್ಕ ತೆಗೆದಿದ್ದೇವೆ.

ಶಿರಸಿಯ ಶ್ರೀ ಅನಂತಕುಮಾರ ಹೆಗಡೆಯವರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರವನ್ನು ಆರು ಸಲ ಗೆದ್ದರು. 1996ರಲ್ಲಿ ಮೊದಲ ಸಲ ಗೆದ್ದಾಗ ಅವರಿಗೆ ಸುಮಾರು ಇಪ್ಪತ್ತೆಂಟು ವರ್ಷ. 1998ರಲ್ಲಿ ಮತ್ತೆ ಗೆದ್ದರು. 1999ರಲ್ಲಿ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಅವರ ಎದುರು ಸೋತರು. ಆಮೇಲೆ 2004, 2009, 2014, 2019 ನಾಲ್ಕೂ ಸಲ ಅವರೇ. ಕೊನೆಯ ಸಲ ಗೆದ್ದ ಅಂತರ 4 ಲಕ್ಷ 79 ಸಾವಿರಕ್ಕೂ ಹೆಚ್ಚು. ಕೂಡಿಸಿದರೆ ಸುಮಾರು 23 ವರ್ಷ. ಅವರು ಮೊದಲ ಸಲ ಗೆದ್ದ ವರ್ಷ ನಮ್ಮ ಮುಕ್ರಿ ಕೇರಿಯಲ್ಲಿ, ಆಗೇರ ಕೇರಿಯಲ್ಲಿ ಹುಟ್ಟಿದ ಕೂಸು ಇವತ್ತು ಮಕ್ಕಳ ತಾಯಿ. 2024ರಲ್ಲಿ ಅವರ ಪಕ್ಷವೇ ಅವರಿಗೆ ಟಿಕೆಟು ಕೊಡಲಿಲ್ಲ.

‘ಹೋದವರ ಮಾತು ಈಗ್ಯಾಕೆ?’ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಆಳು ಹೋದರು, ವ್ಯಾಪಾರ ನಿಂತಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಆ ವ್ಯಾಪಾರದ ಅಂಗಡಿ ಇನ್ನೂ ತೆರೆದೇ ಇದೆ. ಅದರ ಗಿರಾಕಿಗಳು ಯಾರು, ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ತಿಳಿಯಬೇಕಾದರೆ ಹಳೇ ಖಾತೆ ಬಿಚ್ಚಲೇಬೇಕು.

ಬೂಸಾಕ್ಕೆ ಒಂದು ಕಾನೂನು, ಸಂವಿಧಾನಕ್ಕೆ ಒಂದು ಕಾನೂನು

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಮ್ಮ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದು ಒಂದು ಮಾತು ಆಡಿದರು. ದೇವರಾಜ ಅರಸು ಸರಕಾರದಲ್ಲಿ ಅವರು ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಮನುಷ್ಯ. ಒಂದು ಮಾತಿಗೆ ರಾಜ್ಯವೆಲ್ಲ ಹೊತ್ತಿ ಉರಿಯಿತು. ಹಾಸ್ಟೆಲುಗಳಲ್ಲಿ ನಮ್ಮ ಹುಡುಗರಿಗೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಏಟು ತಿಂದ ಹುಡುಗರಿಂದಲೇ ಈ ರಾಜ್ಯದ ದಲಿತ ಚಳವಳಿ ಎದ್ದು ನಿಂತದ್ದು ನಿಮಗೆ ಗೊತ್ತಿದೆ.

ಈಗ 2017ಕ್ಕೆ ಬನ್ನಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೆಗಡೆಯವರು ಕೇಂದ್ರದಲ್ಲಿ ಕೌಶಲ್ಯಾಭಿವೃದ್ಧಿ ಖಾತೆಯ ರಾಜ್ಯ ಸಚಿವರಾದರು. ಅಂದರೆ ಬಡವರ ಮಕ್ಕಳ ಕೈಗೆ ಕಸುಬು ಕಲಿಸುವ ಖಾತೆ. ಡಿಸೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಬ್ರಾಹ್ಮಣ ಯುವಕರ ಸಭೆ. ಅಲ್ಲಿ ಅವರು ಆಡಿದ ಮಾತಿನ ಸಾರ ಎರಡು. ಒಂದು, ಜಾತ್ಯತೀತರು ಎಂದು ಹೇಳಿಕೊಳ್ಳುವವರಿಗೆ ತಮ್ಮ ಅಪ್ಪ ಅಮ್ಮನ ಗುರುತೇ ಇರುವುದಿಲ್ಲ, ಪ್ರತಿಯೊಬ್ಬನೂ ತನ್ನ ಜಾತಿ ಧರ್ಮ ಹೇಳಿಕೊಳ್ಳಬೇಕು. ಎರಡು, ನಾವು ಬಂದಿರುವುದೇ ಸಂವಿಧಾನ ಬದಲಾಯಿಸಲಿಕ್ಕೆ.

ಯಾವ ಸಂವಿಧಾನದ ಹೆಸರಿನಲ್ಲಿ ಮೂರು ತಿಂಗಳ ಹಿಂದೆ ಪ್ರಮಾಣ ವಚನ ತಗೊಂಡಿದ್ದರೋ ಅದೇ ಸಂವಿಧಾನ! ದೇಶದಲ್ಲಿ ಗದ್ದಲವಾಯಿತು. ಸಂಸತ್ತು ನಿಂತಿತು. ಡಿಸೆಂಬರ್ 28ರಂದು ಲೋಕಸಭೆಯಲ್ಲಿ ಎದ್ದು ನಿಂತು, ಸಂವಿಧಾನ ಬಾಬಾಸಾಹೇಬ ಎಲ್ಲರ ಮೇಲೂ ಗೌರವ ಇದೆ, ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ ಎಂದರು. ಅಲ್ಲಿಗೆ ಮುಗಿಯಿತು. ಮಂತ್ರಿ ಪದವಿ ಹೋಗಲಿಲ್ಲ. 2019ರ ಮೇ ತನಕ ಮಂತ್ರಿಯಾಗಿಯೇ ಇದ್ದರು.

ಸಾಹಿತ್ಯವನ್ನು ಬೂಸಾ ಅಂದ ಹೊಲೆಯರ ಮಂತ್ರಿ ಒಂದು ತಿಂಗಳಲ್ಲಿ ಮನೆಗೆ. ಸಂವಿಧಾನ ಬದಲಾಯಿಸುತ್ತೇವೆ ಅಂದ ಮೇಲ್ಜಾತಿಯ ಮಂತ್ರಿ ಅವಧಿ ಪೂರ್ತಿ ಕುರ್ಚಿಯಲ್ಲಿ. ನಲವತ್ತನಾಲ್ಕು ವರ್ಷದಲ್ಲಿ ಈ ನಾಡಿನ ನ್ಯಾಯದ ತಕ್ಕಡಿ ಎಷ್ಟು ಸರಿಯಾಯಿತು ನೋಡಿ ಸ್ವಾಮಿ!

ಕ್ಷಮೆ ಕೇಳಿ ತಿಂಗಳು ತುಂಬುವ ಮೊದಲೇ, 2018ರ ಜನವರಿಯಲ್ಲಿ, ಬಳ್ಳಾರಿಯಲ್ಲಿ ದಲಿತ ಸಂಘಟನೆಯವರು ಅವರಿಗೆ ಕಪ್ಪು ಬಾವುಟ ಹಿಡಿದರು. ಆವತ್ತಿನ ವೇದಿಕೆಯಿಂದ ಬಂದ ಮಾತು: ಬೀದಿ ನಾಯಿಗಳ ಬೊಗಳಾಟಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ದಲಿತರಿಗೆ ಅಂದದ್ದಲ್ಲ ಎಂದು ಆಮೇಲೆ ಸಮಜಾಯಿಷಿ ಬಂತು. ಇರಲಿ. ಹೊರಗೆ ನಿಂತು ಕೂಗುತ್ತಿದ್ದವರು ಯಾರು ಅಂತ ಆವತ್ತು ಬಳ್ಳಾರಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾಯಿಗೂ ನೀರು ಕುಡಿಯಲು ಬಿಟ್ಟ ಕೆರೆಯಲ್ಲಿ ನಮಗೆ ನೀರು ಬಿಡದ ದೇಶ ಇದು. ಮಹಾಡದ ಕೆರೆಗೆ 1927ರಲ್ಲಿ ಬಾಬಾಸಾಹೇಬರು ಇಳಿದದ್ದು ಅದಕ್ಕೇ. ನಾಯಿ ಎಂಬ ಮಾತು ನಮಗೆ ಹೊಸದಲ್ಲ. ಅದು ಭಾರತ ಸರಕಾರದ ಮಂತ್ರಿಯ ಬಾಯಲ್ಲಿ ಬಂದದ್ದು ಹೊಸದು.

ಬದಲಾವಣೆ ಯಾರ ಪರ?

ನಾವು ಸಂವಿಧಾನವನ್ನು ತುಳಸಿಕಟ್ಟೆ ಮಾಡಿ ಸುತ್ತು ಹಾಕುವವರಲ್ಲ. ಅದು ಬದಲಾಗಬಹುದು ಎಂದು ಬರೆದವರೇ ಬಾಬಾಸಾಹೇಬರು. 368ನೇ ವಿಧಿ ಇರುವುದೇ ಅದಕ್ಕೆ. 2023ರ ತನಕ 106 ಸಲ ತಿದ್ದುಪಡಿ ಆಗಿದೆ. 1951ರ ಮೊದಲನೇ ತಿದ್ದುಪಡಿಯಲ್ಲೇ 15ನೇ ವಿಧಿಗೆ ನಾಲ್ಕನೇ ಉಪವಿಧಿ ಸೇರಿತು. ಮದರಾಸಿನಲ್ಲಿ ಕಾಲೇಜು ಸೀಟಿನ ಮೀಸಲಾತಿಯನ್ನು ಕೋರ್ಟು ಹೊಡೆದುಹಾಕಿದ್ದಕ್ಕೆ ಆ ತಿದ್ದುಪಡಿ. ಇವತ್ತು ನಮ್ಮ ಹುಡುಗ ಹುಡುಗಿಯರು ಕಾಲೇಜು ಮೆಟ್ಟಿಲು ಹತ್ತುತ್ತಿರುವುದು ಆ ತಿದ್ದುಪಡಿಯ ಬಲದಿಂದ. ಹಾಗಾಗಿ ಬದಲಾವಣೆ ಅಂದ ಕೂಡಲೇ ನಾವು ಬೆಚ್ಚುವುದಿಲ್ಲ. ಯಾರು ಬದಲಾಯಿಸುತ್ತಾರೆ, ಯಾರ ಪರವಾಗಿ ಬದಲಾಯಿಸುತ್ತಾರೆ ಎಂದು ಕೇಳುತ್ತೇವೆ.

ಆ ಪ್ರಶ್ನೆಗೆ ಉತ್ತರ 2019ರ ಜನವರಿಯಲ್ಲಿ ಸಿಕ್ಕಿತು. 103ನೇ ತಿದ್ದುಪಡಿ. ಪರಿಶಿಷ್ಟರಿಗೂ ಹಿಂದುಳಿದವರಿಗೂ ಸೇರದ ಜಾತಿಗಳ ‘ಆರ್ಥಿಕವಾಗಿ ದುರ್ಬಲ’ರಿಗೆ ನೂರಕ್ಕೆ ಹತ್ತು ಮೀಸಲಾತಿ. ಜನವರಿ 8ರಂದು ಲೋಕಸಭೆ ಪಾಸು ಮಾಡಿತು. ಪರವಾಗಿ 323, ವಿರುದ್ಧ 3. ಮರುದಿನ ರಾಜ್ಯಸಭೆ. 12ಕ್ಕೆ ರಾಷ್ಟ್ರಪತಿಗಳ ಸಹಿ. ಒಂದು ವಾರ ಹಿಡಿಯಲಿಲ್ಲ! ಬಡ ಮುಕ್ರಿಯವನಿಗೆ, ಬಡ ಹಾಲಕ್ಕಿಗೆ, ಬಡ ಖಾರ್ವಿಗೆ ಆ ಹತ್ತರಲ್ಲಿ ಜಾಗವಿಲ್ಲ. ಬಡವ ಅನ್ನಿಸಿಕೊಳ್ಳಬೇಕಾದರೂ ಮೇಲ್ಜಾತಿಯಲ್ಲಿ ಹುಟ್ಟಿರಬೇಕು. ಕಾಂಗ್ರೆಸ್ಸಿನವರೂ ಕೈ ಎತ್ತಿದರು ಎಂಬುದನ್ನು ಇಲ್ಲಿ ಮರೆಯದೆ ಬರೆಯುತ್ತೇವೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರಲ್ಲಿ ಮೂವರು ಸರಿ ಅಂದರು, ಇಬ್ಬರು ತಪ್ಪು ಅಂದರು.

ಅಂದರೆ ಏನಾಯಿತು? ಹೆಗಡೆಯವರು ಕುಕನೂರಿನಲ್ಲಿ ಕೂಗಿದರು. ಅವರ ಸರಕಾರ ದಿಲ್ಲಿಯಲ್ಲಿ ಕೂಗದೆ ಮಾಡಿತು. ಕೂಗುವವನನ್ನು ನಾವು ನೋಡುತ್ತಾ ನಿಂತಾಗ ಮಾಡುವವನು ಹಿಂಬಾಗಿಲಿನಿಂದ ಹೋಗುತ್ತಾನೆ.

2024ರ ಮಾರ್ಚಿನಲ್ಲಿ ಹೆಗಡೆಯವರು ಮತ್ತೆ ಬಾಯಿ ಬಿಟ್ಟರು. ಸಂವಿಧಾನ ಬದಲಾಯಿಸಬೇಕಾದರೆ ಲೋಕಸಭೆಯಲ್ಲಿ ನಾನೂರು ದಾಟಬೇಕು, ರಾಜ್ಯಸಭೆಯಲ್ಲೂ ಮೂರನೇ ಎರಡು ಬೇಕು ಎಂದು ಲೆಕ್ಕ ಹೇಳಿದರು. ಅದು ಅವರ ವೈಯಕ್ತಿಕ ಅಭಿಪ್ರಾಯ ಎಂದು ಪಕ್ಷ ಕೈ ತೊಳೆಯಿತು. 2017ರಲ್ಲಿ ವೈಯಕ್ತಿಕ, 2024ರಲ್ಲೂ ವೈಯಕ್ತಿಕ. ನಡುವೆ 2019ರಲ್ಲಿ ಟಿಕೆಟು ಕೊಟ್ಟದ್ದು ಮಾತ್ರ ಪಕ್ಷ!

ಮೂರು ತಾಲೂಕಿನ ಮೈಕು

ನಮ್ಮ ಕರಾವಳಿಗೆ ಬರೋಣ. ಭಟ್ಕಳ ವಿಧಾನಸಭಾ ಕ್ಷೇತ್ರದಲ್ಲಿ ಅರ್ಧ ಹೊನ್ನಾವರ, ಕುಮಟಾ ಕ್ಷೇತ್ರದಲ್ಲಿ ಇನ್ನರ್ಧ ಹೊನ್ನಾವರ. ಒಂದು ಕಡೆ ಕಿಡಿ ಬಿದ್ದರೆ ಮೂರೂ ತಾಲೂಕು ಹೊತ್ತುತ್ತದೆ.

1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಕೂತು ವಿಚಾರಣೆ ಮಾಡಿತು. 1996ರ ಏಪ್ರಿಲಿನಲ್ಲಿ ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಗುಂಡಿಕ್ಕಿ ಕೊಂದರು. ಆ ಕೊಲೆಯನ್ನು ಆವತ್ತೂ ಇವತ್ತೂ ಖಂಡಿಸಲೇಬೇಕು. ಅದಾದ ಕೆಲವೇ ವಾರಕ್ಕೆ ಲೋಕಸಭೆ ಚುನಾವಣೆ, ಹೆಗಡೆಯವರ ಮೊದಲ ಗೆಲುವು. ಗಾಯಗೊಂಡ ಊರಿಗೆ ಆಗ ಮದ್ದು ಹಚ್ಚುವ ಸಂಸದ ಬೇಕಾಗಿತ್ತು. ಇಪ್ಪತ್ತೆಂಟು ವರ್ಷದ ನಂತರ ಅದೇ ಊರಿನ ಗಾಯಕ್ಕೆ ಏನು ಸಿಕ್ಕಿತು ಗೊತ್ತೇ? 2024ರ ಜನವರಿಯಲ್ಲಿ ಕುಮಟೆಯಲ್ಲಿ ನಿಂತು ಹೆಗಡೆಯವರು, ಬಾಬರಿ ಮಸೀದಿಗೆ ಆದದ್ದೇ ಭಟ್ಕಳದ ಚಿನ್ನದ ಪಳ್ಳಿಗೂ ಆಗುತ್ತದೆ ಎಂದರು. ಕುಮಟಾ ಪೊಲೀಸರು ತಾವಾಗಿ ಕೇಸು ದಾಖಲಿಸಿದರು. ಕಟ್ಟಿದ ಒಂದು ಆಸ್ಪತ್ರೆ ತೋರಿಸಿ ಎಂದರೆ ಕೆಡವುವ ಮಸೀದಿ ತೋರಿಸಿದರು.

ಹೊನ್ನಾವರದ ಕಥೆ ಇನ್ನೂ ಕರುಳು ಹಿಂಡುವಂಥದು. 2017ರ ಡಿಸೆಂಬರ್ 8ರಂದು ಶೆಟ್ಟಿಕೆರೆಯಲ್ಲಿ ಒಬ್ಬ ಬಡ ಮನೆಯ ಯುವಕನ ಹೆಣ ಸಿಕ್ಕಿತು. ಅಪ್ಪ ಅಮ್ಮನ ದುಃಖ ಯಾರಿಗೂ ಬೇಕಾಗಲಿಲ್ಲ, ಹೆಣ ಎಲ್ಲರಿಗೂ ಬೇಕಾಯಿತು. ಕೊಲೆ ಕೊಲೆ ಎಂದು ಬಿಜೆಪಿ ನಾಯಕರು ರಾಜ್ಯವೆಲ್ಲ ಸಾರಿದರು. ಕುಮಟೆಯಲ್ಲಿ ಪೊಲೀಸ್ ಐಜಿಯವರ ವಾಹನಕ್ಕೆ ಬೆಂಕಿ ಬಿತ್ತು. ಐದು ತಿಂಗಳಿಗೆ ವಿಧಾನಸಭೆ ಚುನಾವಣೆ. ಕುಮಟಾ, ಭಟ್ಕಳ ಎರಡೂ ಬಿಜೆಪಿಗೆ. ತನಿಖೆ ಮಾಡಿದ್ದು ಸಿಬಿಐ. ಅದು ಯಾರ ಕೈಯಲ್ಲಿತ್ತು? ಕೇಂದ್ರದ ಕೈಯಲ್ಲಿ, ಹೆಗಡೆಯವರ ಪಕ್ಷದ ಸರಕಾರದ ಕೈಯಲ್ಲಿ. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟಿತು: ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು.

ಸುಮಾರು ಐದು ವರ್ಷಕ್ಕೆ ಸತ್ಯ ಬಂತು. ಅಷ್ಟರಲ್ಲಿ ಚುನಾವಣೆ ಎರಡು ಮುಗಿದಿದ್ದವು. ಬೀದಿಗಿಳಿದು ಕಲ್ಲು ಎತ್ತಿದ ಹುಡುಗರು ಯಾವ ಜಾತಿಯವರು? ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯುವ ಪಾಡು ಯಾರ ಮನೆಗೆ ಬಂತು? ಭಾಷಣ ಮಾಡಿದವರ ಮಕ್ಕಳು ಆ ಸಾಲಿನಲ್ಲಿ ಎಷ್ಟಿದ್ದರು? ನಾಮಧಾರಿ ಬಂಧುಗಳೇ, ಖಾರ್ವಿ, ಹರಿಕಂತ್ರ, ಅಂಬಿಗ ಬಂಧುಗಳೇ, ಈ ಪ್ರಶ್ನೆಯನ್ನು ನೀವೇ ನಿಮ್ಮ ಮನೆಯ ಜಗಲಿಯಲ್ಲಿ ಕೂತು ಕೇಳಿಕೊಳ್ಳಿ.

ಕುಮಟೆಯ ಮೈಕಿನಿಂದಲೇ 2020ರ ಆಗಸ್ಟಿನಲ್ಲಿ ಇನ್ನೊಂದು ಮಾತು ಹೊರಟಿತ್ತು. ಬಿಎಸ್ಸೆನ್ನೆಲ್ ತುಂಬ ದೇಶದ್ರೋಹಿಗಳೇ ಇದ್ದಾರೆ, ಅದನ್ನು ಖಾಸಗಿಗೆ ಕೊಡುತ್ತೇವೆ ಎಂದರು. ಜಿಲ್ಲೆಯ ಕಾಡಿನೊಳಗಿನ ಊರುಗಳಿಗೆ ಫೋನು ಸಿಗುತ್ತಿಲ್ಲ ಎಂಬುದು ಜನರ ದೂರು. ಆ ದೂರು ಪರಿಹರಿಸಬೇಕಾದವರು ದಿಲ್ಲಿಯ ಸರಕಾರ, ಅಂದರೆ ಅವರದೇ ಸರಕಾರ. ಆದರೆ ಬೈಗುಳ ಬಿದ್ದದ್ದು ಕಂಬ ಹತ್ತುವ ನೌಕರನಿಗೆ. ಆ ವರ್ಷದ ಜನವರಿಯಲ್ಲಷ್ಟೇ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ತಗೊಂಡು ಮನೆಗೆ ಹೋಗಿದ್ದರು. ಎರಡೇ ವರ್ಷಕ್ಕೆ, 2022ರ ಜುಲೈಯಲ್ಲಿ, ಅದೇ ಕೇಂದ್ರ ಸರಕಾರ ಬಿಎಸ್ಸೆನ್ನೆಲ್ ಎತ್ತಿ ನಿಲ್ಲಿಸಲು 1.64 ಲಕ್ಷ ಕೋಟಿ ರೂಪಾಯಿ ಮಂಜೂರು ಮಾಡಿತು. ದೇಶದ್ರೋಹಿಗಳಿಗೆ ಇಷ್ಟು ದುಡ್ಡು ಯಾಕೆ ಕೊಟ್ಟರು ಎಂದು ಹೆಗಡೆಯವರು ಕೇಳಬಹುದಿತ್ತು!

ಖಾಸಗಿ ಎಂಬ ಮಾತು ಬಂದಾಗ ನಮ್ಮವರು ಕಿವಿ ನಿಮಿರಿಸಬೇಕು. ಸರಕಾರಿ ಕಂಪನಿಯಲ್ಲಿ ಮೀಸಲಾತಿ ಇದೆ. ಖಾಸಗಿ ಕಂಪನಿಯಲ್ಲಿ ಇಲ್ಲ. ಸಂವಿಧಾನದ ಒಂದು ಅಕ್ಷರ ಅಳಿಸದೆಯೂ 16ನೇ ವಿಧಿಯನ್ನು ಖಾಲಿ ಕೊಡ ಮಾಡಬಹುದು. ಕೆಲಸವೇ ಇಲ್ಲದ ಮೇಲೆ ಮೀಸಲಾತಿ ಇದ್ದರೇನು, ಹೋದರೇನು?

ದಿಲ್ಲಿಯ ಮೌನ

ಇಷ್ಟೆಲ್ಲ ಬಾಯಿ ಇದ್ದವರು ಲೋಕಸಭೆಯಲ್ಲಿ ಏನು ಮಾತಾಡಿದರು? 2019ರಿಂದ 2024ರ ತನಕ ನಡೆದ 17ನೇ ಲೋಕಸಭೆ ಮುಗಿಯುವ ಹೊತ್ತಿಗೆ ಒಂದು ಪಟ್ಟಿ ಪತ್ರಿಕೆಗಳಲ್ಲಿ ಬಂತು. ಐದು ವರ್ಷದಲ್ಲಿ ಸದನದ ಒಂದೇ ಒಂದು ಚರ್ಚೆಯಲ್ಲೂ ಎದ್ದು ಮಾತಾಡದ ಒಂಬತ್ತು ಸದಸ್ಯರ ಪಟ್ಟಿ. ಅದರಲ್ಲಿ ಅನಂತಕುಮಾರ ಹೆಗಡೆಯವರ ಹೆಸರಿತ್ತು.

ಈ ಪಟ್ಟಿಯಲ್ಲಿ ಕರ್ನಾಟಕದ ಮೀಸಲು ಕ್ಷೇತ್ರದಿಂದ ಹೋದ ಇಬ್ಬರು ಹಿರಿಯರ ಹೆಸರೂ ಇತ್ತು. ಅದನ್ನು ಮುಚ್ಚಿಟ್ಟು ಹೆಗಡೆಯವರೊಬ್ಬರನ್ನೇ ಬೈದರೆ ಈ ಪತ್ರಿಕೆಗೆ ಮಾನವಿರುವುದಿಲ್ಲ. ಮುಪ್ಪು, ಕಾಯಿಲೆ ಯಾರನ್ನೂ ಬಿಡುವುದಿಲ್ಲ, ನಿಜ. ಆದರೂ ಹೇಳುತ್ತೇವೆ: ಮೀಸಲು ಕುರ್ಚಿ ನಮ್ಮದು, ಟಿಕೆಟು ಬೇರೆಯವರದು ಎಂದಾದಾಗ ನಮ್ಮವರ ಬಾಯಿಗೂ ಬೀಗ ಬೀಳುತ್ತದೆ. 1932ರ ಪೂನಾ ಒಪ್ಪಂದದಿಂದ ನಾವು ಹೊತ್ತುಕೊಂಡು ಬಂದ ಹೊರೆ ಅದು.

ಮೌನದ ಬೆಲೆ ಎಷ್ಟು? ಮೂರು ಲೆಕ್ಕ ಕೊಡುತ್ತೇವೆ.

ಒಂದನೆಯದು ಹಾಲಕ್ಕಿಗಳದು. ಕುಮಟಾ, ಹೊನ್ನಾವರ, ಅಂಕೋಲೆಯ ಕೊಪ್ಪಗಳಲ್ಲಿ ಇರುವ ಹಾಲಕ್ಕಿ ಒಕ್ಕಲಿಗರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಲೇ ಇದ್ದಾರೆ. ಅವರ ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ದಿಲ್ಲಿಯಲ್ಲಿ ಪದ್ಮಶ್ರೀ ಕೊಟ್ಟು ಚಪ್ಪಾಳೆ ತಟ್ಟಿದರು. ಇಬ್ಬರೂ ಈಗ ತೀರಿಕೊಂಡಿದ್ದಾರೆ. ಪಟ್ಟಿಗೆ ಮಾತ್ರ ಹಾಲಕ್ಕಿಗಳ ಹೆಸರು ಸೇರಿಲ್ಲ. 342ನೇ ವಿಧಿಯ ಪ್ರಕಾರ ಆ ಪಟ್ಟಿಗೆ ಹೆಸರು ಸೇರಿಸುವ ಕಾನೂನು ಮಾಡಬೇಕಾದದ್ದು ಸಂಸತ್ತು. ಗ್ರಾಮ ಪಂಚಾಯತಿಯ ಕೆಲಸವಲ್ಲ, ತಹಶೀಲ್ದಾರರ ಕೆಲಸವಲ್ಲ, ನೇರವಾಗಿ ಸಂಸದರು ಬಾಯಿ ಬಿಡಬೇಕಾದ ಕೆಲಸ. ಆಗುವುದಿಲ್ಲ ಅನ್ನುವಂತಿಲ್ಲ. ಇದೇ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಆಗ ಹೆಗಡೆಯವರು ಸಂಸದರಾಗಿರಲಿಲ್ಲ.

ಎರಡನೆಯದು ಅರಣ್ಯ ಭೂಮಿಯದು. ಈ ಜಿಲ್ಲೆಯ ಬಹುಪಾಲು ನೆಲ ಕಾಡು. ಭೂಮಿಯಿಲ್ಲದವನು ಗುಡಿಸಲು ಕಟ್ಟಿದರೂ ಅರಣ್ಯ ಇಲಾಖೆಯ ಗಡಿಯೊಳಗೇ ಕಟ್ಟಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಆಸೆ ಹುಟ್ಟಿತು. ಆದರೆ ಆ ಕಾಯಿದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರು ಎಂದು ತೋರಿಸಿದರೆ ಸಾಕು. ಉಳಿದವರೆಲ್ಲ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಪುರಾವೆ ತರಬೇಕು. ಪರಿಶಿಷ್ಟ ಜಾತಿಯವರು ಎಲ್ಲಿಗೆ ಬಿದ್ದರು? ‘ಉಳಿದವರೆಲ್ಲ’ ಎಂಬ ಸಾಲಿಗೆ. ಮುಕ್ರಿಯ ಅಜ್ಜ ಯಾರದೋ ಬೇಣದ ಅಂಚಿನಲ್ಲಿ ಜೀತ ಮಾಡಿಕೊಂಡಿದ್ದ. ಅವನ ಹೆಸರಲ್ಲಿ ಯಾವ ಕಾಗದ ಇರುತ್ತದೆ ಸ್ವಾಮಿ? ಅಕ್ಷರ ಕಲಿಯಲು ಬಿಡದೆ ಈಗ ಅಜ್ಜನ ಕಾಲದ ದಾಖಲೆ ತಾ ಎಂದರೆ ಎಲ್ಲಿಂದ ತರುವುದು?

ಇನ್ನೊಂದು ಕಡೆ ನೋಡಿ. ಅಡಿಕೆ ತೋಟದ ಒಡೆಯರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಹಕ್ಕು ಕಾಗದದ ಮೇಲೆ ಭದ್ರವಾಗಿದೆ. ಸರಕಾರದ ಕಾಡಿನ ಸೊಪ್ಪು, ತರಗೆಲೆ ಅವರ ತೋಟಕ್ಕೆ ಹೋಗುತ್ತದೆ. ಹೋಗಲಿ, ತೋಟ ಬದುಕಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆ ಸೊಪ್ಪು ಕಡಿದು ಹೊತ್ತು ತಂದು ಹಾಕಿದ ಆಳಿಗೆ ಒಂದು ಮನೆಯಷ್ಟು ಜಾಗದ ಹಕ್ಕು ಯಾಕಿಲ್ಲ? 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟು ಹೇಳಿತು. ಎರಡು ವಾರಕ್ಕೆ ತಾನೇ ತಡೆ ಕೊಟ್ಟಿತು. ಕತ್ತಿ ಇನ್ನೂ ತೂಗುತ್ತಿದೆ. 75 ವರ್ಷ ಎಂಬ ಒಂದು ಸಾಲು ಬದಲಾಯಿಸಿ ಎಂದು ಲೋಕಸಭೆಯಲ್ಲಿ ಕೇಳಿದ್ದರೆ ನಾವೇ ಹಾರ ಹಾಕುತ್ತಿದ್ದೆವು. ಬದಲಾಯಿಸಬೇಕಾದ ಸಾಲು ಅದು. ಇವರಿಗೆ ಕಂಡದ್ದು ಬಾಬಾಸಾಹೇಬರ ಸಂವಿಧಾನ.

ಮೂರನೆಯದು ಜೀವದ ಲೆಕ್ಕ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಹೊರಟ ಆಂಬ್ಯುಲೆನ್ಸು ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಆಗ ಜಿಲ್ಲೆಯೇ ಕೂಗಿತು. ತಲೆಗೆ ಏಟು ಬಿದ್ದರೆ, ಎದೆ ನೋವು ಬಂದರೆ ಭಟ್ಕಳದವರು ಮಣಿಪಾಲಕ್ಕೆ ಓಡಬೇಕು. ಕಾರವಾರದಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಸರಿ. ಭಟ್ಕಳದಿಂದ ಮಣಿಪಾಲ ಅದಕ್ಕಿಂತ ಹತ್ತಿರ. ಕಾರು ಇದ್ದವನು ಹೋಗುತ್ತಾನೆ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವವನು ಯಾವುದರಲ್ಲಿ ಹೋಗುತ್ತಾನೆ? ಆಸ್ಪತ್ರೆ ರಾಜ್ಯ ಸರಕಾರದ ವಿಷಯ ಎಂದು ಜಾರಿಕೊಳ್ಳುವವರಿದ್ದಾರೆ. ಮಸೀದಿ ಯಾವ ಸರಕಾರದ ವಿಷಯ? ಆ ಬಗ್ಗೆ ಬಾಯಿ ಬಿಡುವಾಗ ಈ ಪ್ರಶ್ನೆ ಬರಲಿಲ್ಲವಲ್ಲ!

ಈ ಕ್ಷೇತ್ರ ಕಂಡ ಇನ್ನೊಬ್ಬರು

ಸಂಸದ ಅಂದರೆ ಹೀಗೇ ಇರುವುದು ಅಂತ ಯಾರೂ ಅಂದುಕೊಳ್ಳಬೇಡಿ. 1967ರಲ್ಲಿ ಇದೇ ಕ್ಷೇತ್ರ ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರನ್ನು ಗೆಲ್ಲಿಸಿತ್ತು. ಅಂಕೋಲೆಯ ಗೇಣಿ ರೈತರನ್ನು ಕಟ್ಟಿಕೊಂಡು ಜಮೀನ್ದಾರರ ಎದುರು ನಿಂತದ್ದಕ್ಕೆ ಬ್ರಿಟಿಷ್ ಸರಕಾರದಿಂದ ಜಿಲ್ಲೆಯ ಹೊರಗೆ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. ಹಾಲಕ್ಕಿಗಳ ಮಕ್ಕಳು, ನಾಮಧಾರಿಗಳ ಮಕ್ಕಳು, ನಮ್ಮ ಮಕ್ಕಳು ಅಲ್ಲಿ ಬೆಂಚಿನ ಮೇಲೆ ಕೂತರು. ಚುಟುಕ ಬರೆದು ದೊಡ್ಡವರನ್ನು ಚುಚ್ಚಿದರು. ಲೋಕಸಭೆಯಲ್ಲಿ ಇದ್ದದ್ದು ಒಂದೇ ಅವಧಿ. ಅವರ ಎಲ್ಲ ವಿಚಾರಕ್ಕೂ ನಾವು ಹೂಂ ಅನ್ನಬೇಕಾಗಿಲ್ಲ. ಆದರೆ ಲೆಕ್ಕ ಕೇಳಿದರೆ ತೋರಿಸಲು ಅವರ ಹತ್ತಿರ ಶಾಲೆ ಇತ್ತು. ಆರು ಅವಧಿಯವರ ಹತ್ತಿರ ಏನಿದೆ?

ಕಾಂಗ್ರೆಸ್ಸಿನವರು ಇದನ್ನು ಓದಿ ಬೀಗಬೇಕಾಗಿಲ್ಲ. 1980ರಿಂದ 1996ರ ತನಕ ಹದಿನಾರು ವರ್ಷ ಈ ಕ್ಷೇತ್ರ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರ ಕೈಯಲ್ಲಿತ್ತು. ಆಗಲೂ ದೊಡ್ಡ ಆಸ್ಪತ್ರೆ ಬರಲಿಲ್ಲ, ಆಗಲೂ ಹಾಲಕ್ಕಿಗಳು ಪಟ್ಟಿಗೆ ಸೇರಲಿಲ್ಲ. ಖಾಲಿ ಬಿಟ್ಟ ಗದ್ದೆಯಲ್ಲಿ ಕಳೆ ಬೆಳೆಯುತ್ತದೆ. ಬಡವರ ಅನ್ನ, ಭೂಮಿ, ಮದ್ದಿನ ಮಾತಾಡದ ಪಕ್ಷ ಬಿಟ್ಟ ಜಾಗದಲ್ಲಿ ದ್ವೇಷದ ಮಾತು ಬೇರು ಬಿಟ್ಟಿತು.

ಟಿಕೆಟು ಹೋಯಿತು, ಗೆಲುವು ನಮ್ಮದೇ?

2024ರಲ್ಲಿ ದೇಶದ ಅನೇಕ ಕಡೆ ಕೇರಿಯ ಜನ ‘ನಾನೂರು ಯಾಕೆ ಬೇಕು?’ ಎಂದು ಕೇಳಿದರು. ಬಿಜೆಪಿ 303ರಿಂದ 240ಕ್ಕೆ ಇಳಿಯಿತು. ಆ ಪ್ರಶ್ನೆ ಹುಟ್ಟಲು ನಮ್ಮ ಸಂಸದರ ಬಾಯಿಯೂ ಒಂದು ಕಾರಣ. ಆದರೆ ಆ ಮಾತು ಹುಟ್ಟಿದ ಊರಿನಲ್ಲೇ ಏನಾಯಿತು? ಹೆಗಡೆಯವರ ಬದಲು ಬಂದ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿಯವರು 3 ಲಕ್ಷ 37 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಕಾಗೇರಿಯವರು ವಿಧಾನಸಭೆಯ ಸ್ಪೀಕರಾಗಿದ್ದವರು, ಮಾತು ಮೆತ್ತಗೆ. 2025ರ ನವೆಂಬರಿನಲ್ಲಿ ಹೊನ್ನಾವರದಲ್ಲಿ ಅವರು ಏನಂದರು? ಜನಗಣಮನ ಬ್ರಿಟಿಷರನ್ನು ಸ್ವಾಗತಿಸಲು ಬರೆದದ್ದು ಎಂದರು. ಮತ್ತೆ ಹಾಡು, ಮತ್ತೆ ಬಾವುಟ, ಮತ್ತೆ ಅದೇ ಮೈಕು. 75 ವರ್ಷದ ಪುರಾವೆಯ ಮಾತು ಹೊನ್ನಾವರಕ್ಕೆ ಬರಲೇ ಇಲ್ಲ.

ಹೆಸರು ಬದಲಾದ ಮಾತ್ರಕ್ಕೆ ನಾವು ಗೆದ್ದೆವು ಎಂದು ಪಟಾಕಿ ಹೊಡೆಯುವವರಿಗೆ ಇಷ್ಟೇ ಹೇಳುತ್ತೇವೆ: ದಲಾಲಿ ಬದಲಾದರೆ ಸಂತೆ ಬದಲಾಗುವುದಿಲ್ಲ.

ಸಂವಿಧಾನ ಒಪ್ಪಿಕೊಳ್ಳುವ ಹಿಂದಿನ ದಿನ, 1949ರ ನವೆಂಬರ್ 25ರಂದು, ಬಾಬಾಸಾಹೇಬರು ಎಚ್ಚರಿಕೆ ಕೊಟ್ಟರು. ವೋಟಿನಲ್ಲಿ ಸಮಾನತೆ ಬರುತ್ತದೆ, ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಈ ಎರಡನ್ನು ಬಹುಕಾಲ ಒಟ್ಟಿಗೆ ಇಟ್ಟುಕೊಂಡರೆ ಕಟ್ಟಿದ್ದೆಲ್ಲ ಒಡೆದುಹೋಗುತ್ತದೆ ಎಂಬುದು ಅವರ ಮಾತಿನ ಸಾರ. ಸಂವಿಧಾನ ಬದಲಾಯಿಸುತ್ತೇವೆ ಎಂಬ ಕೂಗಿಗೆ ಸಂವಿಧಾನ ಉಳಿಸಿ ಎಂಬ ಕೂಗು ಮಾತ್ರ ಸಾಲದು. ಹಾಲಕ್ಕಿಯ ಕೊಪ್ಪದಲ್ಲಿ, ಖಾರ್ವಿಯ ದೋಣಿಯಲ್ಲಿ, ನಾಮಧಾರಿಯ ಅಂಗಳದಲ್ಲಿ, ಭಟ್ಕಳದ ಮುಸ್ಲಿಂ ಬಡವನ ಬೀಡಾ ಅಂಗಡಿಯಲ್ಲಿ ಆ ಪುಸ್ತಕದಿಂದ ಏನು ಸಿಗಬೇಕಿತ್ತು, ಏನು ಸಿಕ್ಕಿಲ್ಲ ಎಂಬ ಪಟ್ಟಿ ಹಿಡಿದು ಹೋಗಬೇಕು. ಈ ಮೂರು ತಾಲೂಕಿನಲ್ಲಿ ನಾವು ಒಬ್ಬರೇ ಗೆಲ್ಲುವಷ್ಟು ಜನ ಇಲ್ಲ. ಒಟ್ಟಿಗೆ ನಿಂತರೆ ಯಾರನ್ನೂ ಬೇಡಬೇಕಾಗಿಲ್ಲ.

ಆದ್ದರಿಂದ ಈ ಸಂಚಿಕೆ ಓದಿದವರು ಒಂದು ಕೆಲಸ ಮಾಡಬೇಕು. ನಮ್ಮ ಸಂಸದರು ನಿಮ್ಮ ಊರಿಗೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿ.

1. ಅರಣ್ಯ ಹಕ್ಕು ಕಾಯಿದೆಯ 75 ವರ್ಷದ ಷರತ್ತು ತೆಗೆಯಲು ಮಸೂದೆ ತರುತ್ತೀರಾ, ಇಲ್ಲವಾ?

2. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ಸದನದಲ್ಲಿ ಯಾವ ದಿನ ಮಾತಾಡಿದಿರಿ? ತಾರೀಕು ಹೇಳಿ.

3. ಭಟ್ಕಳ, ಹೊನ್ನಾವರ, ಕುಮಟೆಯ ಬಡವನಿಗೆ ತುರ್ತು ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಗೆ ಕೇಂದ್ರದಿಂದ ಎಷ್ಟು ದುಡ್ಡು ತರುತ್ತೀರಿ?

4. ಖಾಸಗಿಗೆ ಮಾರಿದ ಸರಕಾರಿ ಕಂಪನಿಯಲ್ಲಿ ನಮ್ಮ ಮೀಸಲಾತಿ ಉಳಿಸಲು ಕಾನೂನು ಮಾಡುತ್ತೀರಾ?

ಉತ್ತರದ ಬದಲು ಮಸೀದಿ, ಮಂದಿರ, ಹಾಡು, ಬಾವುಟದ ಮಾತು ಬಂದರೆ ‘ಸ್ವಾಮಿ, ಕೇಳಿದ್ದು ಅದಲ್ಲ’ ಎಂದು ಹೇಳಿ. ಹೆದರಬೇಡಿ. ಜಗಳ ಬೇಡ, ಕಲ್ಲು ಬೇಡ, ಕೇಸು ಬೇಡ. ಕೇಳಿದ್ದನ್ನೇ ಮತ್ತೆ ಕೇಳಿ. ಅವರು ಕೊಟ್ಟ ಉತ್ತರವನ್ನು ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಓದು ಬಾರದವರು ಓದು ಬರುವ ಮಕ್ಕಳ ಕೈಲಿ ಬರೆಸಿ. 2029ಕ್ಕೆ ಲೋಕಸಭೆ ಚುನಾವಣೆ ಬರುತ್ತದೆ. ಆವತ್ತು ಆ ಚೀಟಿಯನ್ನು ಕೇರಿಯ ನಡುವೆ ಎಲ್ಲರಿಗೂ ಕೇಳುವಂತೆ ಓದೋಣ. ಕೂಲಿ ಕೊಡುವುದೋ ಬಿಡುವುದೋ ಆಮೇಲೆ ತೀರ್ಮಾನ ಮಾಡೋಣ.

ಜೈ ಭೀಮ್!